ಪಂಚಾಯಿತಿ ಮೆಂಬರ್‌ಗಿರಿಯಿಂದ ಪಾರ್ಲಿಮೆಂಟ್‌ವರೆಗೆ: ಕೊಡಗಿನವರಿಗೆ ದಾರಿ ಇದೆಯಾ?

ಮಾದಾಪುರದವ

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪನ ಮಗ 2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಮೆಂಬರ್ ಆದ. 2018ರಲ್ಲಿ ನಮ್ಮ ಕಡೆ ಗುಡ್ಡ ಜರಿದಾಗ ನಿರಾಶ್ರಿತರ ಕೇಂದ್ರಗಳಲ್ಲಿ ಓಡಾಡಿದ ಹುಡುಗ. ಆ ಹೆಸರಲ್ಲೇ ಗೆದ್ದ. ಕೆಲಸವೂ ಚೆನ್ನಾಗಿಯೇ ಮಾಡಿದ್ದಾನೆ. ಈಗ ಅವನಿಗೆ ಮೇಲೆ ಹೋಗುವ ಆಸೆ. ಸುಮ್ನೆ ಎಂಎಲ್‌ಎ ಅಲ್ಲ, ಎಂಪಿ ಆಗಬೇಕಂತೆ. ಚಿಕ್ಕಪ್ಪ ಮೊದಲು ತೋಟ ನೋಡಿಕೊ ಅಂತಾರೆ. ಅತ್ತೆಯಂದಿರು ನಗುತ್ತಾರೆ.

ನನಗೆ ನಗು ಬರಲಿಲ್ಲ. ನಮ್ಮ ಜಿಲ್ಲೆಯಿಂದ ಕೆಳಗಿನ ಹಂತದಲ್ಲಿ ಶುರು ಮಾಡಿ ದೆಹಲಿವರೆಗೆ ಹೋದವರು ಯಾರು? ಹೇಗೆ ಹೋದರು? ಗೊತ್ತಿದ್ದವರು ಬರೆಯಿರಿ. ಪಕ್ಷದ ಪ್ರಚಾರ ಮಾತ್ರ ಬೇಡ, ದಯವಿಟ್ಟು.

ಹಳೇ ಮೇಷ್ಟ್ರು, ವಿರಾಜಪೇಟೆ

ಒಬ್ಬರು ಇದ್ದಾರೆ, ಆ ದಾರಿಯನ್ನು ಪೂರ್ತಿ ನಡೆದವರು. ಚೆಪ್ಪುಡಿರ ಮುತ್ತಣ್ಣ ಪೂಣಚ್ಚ. ಎಲ್ಲರೂ ಸಿ.ಎಂ. ಪೂಣಚ್ಚ ಅಂತಲೇ ಹೇಳೋದು. ಈಗಿನ ಹುಡುಗರಿಗೆ ಆ ಹೆಸರು ಗೊತ್ತಿಲ್ಲ ಅನ್ನೋದೇ ನನಗೆ ಬೇಸರ.

ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ಮೊದಲ ಮೆಟ್ಟಿಲು ಕೊಡಗು ಜಿಲ್ಲಾ ಬೋರ್ಡ್. ಅಲ್ಲಿ ಸದಸ್ಯ, ಆಮೇಲೆ ನಲವತ್ತರ ದಶಕದ ಆರಂಭದಲ್ಲಿ ಅಧ್ಯಕ್ಷ. ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆ ಇವೇ ಜಿಲ್ಲಾ ಬೋರ್ಡಿನ ಕೆಲಸ. ಕೊಡಗಿನ ಮಳೆಗೆ ಪ್ರತಿ ವರ್ಷ ಕಿತ್ತು ಹೋಗುವ ರಸ್ತೆಯನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸೋದು. ಅಲ್ಲಿಂದ ಕೊಡಗು ಲೆಜಿಸ್ಲೇಟಿವ್ ಕೌನ್ಸಿಲ್. ಅದು 1924ರಲ್ಲಿ ಶುರುವಾದದ್ದು, 15 ಜನ ಚುನಾಯಿತರು, 5 ಜನ ನಾಮಕರಣಗೊಂಡವರು. ಅಲ್ಲಿ ಪೂಣಚ್ಚನವರು ಕಾಂಗ್ರೆಸ್ ನಾಯಕರಾದರು. ಅಲ್ಲಿಂದ ಭಾರತದ ಸಂವಿಧಾನ ಸಭೆ. ಹೌದು, ಸಂವಿಧಾನ ಬರೆದ ಸಭೆಯಲ್ಲಿ ಕೊಡಗಿನ ಪರವಾಗಿ ಕೂತವರು ಅವರೇ.

1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯ, 'ಸಿ' ವರ್ಗದ್ದು, ಅಂದರೆ ಕೇಂದ್ರದ ಉಸ್ತುವಾರಿಯಲ್ಲಿದ್ದ ಚಿಕ್ಕ ರಾಜ್ಯ. 24 ಸ್ಥಾನದ ವಿಧಾನಸಭೆ. ಕಾಂಗ್ರೆಸ್‌ಗೆ 15, ಉಳಿದ 9 ಪಕ್ಷೇತರರಿಗೆ. ಮಾರ್ಚ್‌ನಲ್ಲಿ ಪೂಣಚ್ಚ ಮುಖ್ಯಮಂತ್ರಿ. ಸಂಪುಟದಲ್ಲಿ ಇಬ್ಬರೇ ಇಬ್ಬರು ಅಂದರೆ ನಂಬುತ್ತೀರಾ? ಪೂಣಚ್ಚ ಮತ್ತು ಕುಟ್ಟೂರು ಮಲ್ಲಪ್ಪ. ಇವತ್ತು ಒಂದು ನಿಗಮದ ಕಚೇರಿಯಲ್ಲಿ ಅದಕ್ಕಿಂತ ಜಾಸ್ತಿ ಅಧ್ಯಕ್ಷ ಉಪಾಧ್ಯಕ್ಷರು ಸಿಗುತ್ತಾರೆ.

1956ರ ನವೆಂಬರ್ 1ಕ್ಕೆ ರಾಜ್ಯ ಮೈಸೂರಿಗೆ ಸೇರಿತು. ಮುಖ್ಯಮಂತ್ರಿ ಕುರ್ಚಿಯೇ ಇಲ್ಲವಾಯಿತು. ಬೇರೆಯವರಾದರೆ ಮನೆಗೆ ಹೋಗಿ ಕಾಫಿ ಕೊಯ್ಲು ನೋಡಿಕೊಳ್ಳುತ್ತಿದ್ದರು. ಇವರು ಮೈಸೂರು ರಾಜ್ಯದಲ್ಲಿ ಮಂತ್ರಿಯಾದರು, ಆಮೇಲೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಅಧ್ಯಕ್ಷ, 1964ರಲ್ಲಿ ರಾಜ್ಯಸಭೆ. 1967ರಲ್ಲಿ ಮಂಗಳೂರು ಲೋಕಸಭಾ ಕ್ಷೇತ್ರದಿಂದ ಗೆದ್ದರು. ಕೊಡಗು ಆಗ ಆ ಕ್ಷೇತ್ರದಲ್ಲೇ ಇತ್ತು. ಗೆದ್ದ ಕೂಡಲೇ ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮಂತ್ರಿ. 1969ರಲ್ಲಿ ಉಕ್ಕು ಮತ್ತು ಭಾರಿ ಎಂಜಿನಿಯರಿಂಗ್ ಖಾತೆ. ಅದೇ ವರ್ಷ ಕಾಂಗ್ರೆಸ್ ಒಡೆದ ಹೊತ್ತಿಗೆ ಸಂಪುಟದಿಂದ ಹೊರಗಿದ್ದರು. ಕೊನೆಗೆ 1978ರಿಂದ ಮಧ್ಯಪ್ರದೇಶದ ರಾಜ್ಯಪಾಲ, 1980ರಿಂದ ಒಡಿಶಾದ ರಾಜ್ಯಪಾಲ.

ಜಿಲ್ಲಾ ಬೋರ್ಡಿನಿಂದ ರಾಜಭವನದವರೆಗೆ ಇಷ್ಟು ಮೆಟ್ಟಿಲು ಹತ್ತಿದ ಇನ್ನೊಬ್ಬರನ್ನು ಕೊಡಗಿನಲ್ಲಿ ನಾನು ಕಂಡಿಲ್ಲ.

ಕಣದಲ್ಲಿ ಕಾಫಿ

ಮೇಷ್ಟ್ರೇ, ಎಲ್ಲಾ ಸರಿ. ರೈಲ್ವೆ ಮಂತ್ರಿ ಆದರು, ಕೊಡಗಿಗೆ ರೈಲು ಬಂತಾ? ಇವತ್ತಿಗೂ ಜಿಲ್ಲೆಯಲ್ಲಿ ಒಂದಡಿ ಹಳಿ ಇಲ್ಲ. ಸಿದ್ದಾಪುರದಿಂದ ರೈಲು ಹತ್ತಬೇಕಾದರೆ ಮೈಸೂರಿಗೆ ಹೋಗಬೇಕು.

ಭಾಗಮಂಡಲ ಬಸ್ಸು

ರೈಲ್ವೆ ಮಂತ್ರಿ ಒಬ್ಬರಲ್ಲ ಮಾರಾಯ್ರೆ, ಇಬ್ಬರು. ಡಿ.ವಿ. ಸದಾನಂದ ಗೌಡರನ್ನು ಮರೆತಿರಾ? 2004ರಲ್ಲಿ ಮಂಗಳೂರಿನಿಂದ ಗೆದ್ದು ಐದು ವರ್ಷ ನಮ್ಮ ಎಂಪಿ ಆಗಿದ್ದವರು ಅವರೇ. 2014ರಲ್ಲಿ ಮೋದಿ ಸಂಪುಟದಲ್ಲಿ ಮೊದಲು ಸಿಕ್ಕಿದ ಖಾತೆ ರೈಲ್ವೆ. ಕೊಡಗಿನಿಂದ ಮತ ತಗೊಂಡ ಇಬ್ಬರು ರೈಲ್ವೆ ಮಂತ್ರಿ ಆದರು. ನಮಗೆ ಸಿಕ್ಕಿದ್ದು ಘಾಟಿಯಲ್ಲಿ ವಾಂತಿ ಮಾಡಿಸೋ ಬಸ್ಸು.

ಆದರೆ ಗೌಡರ ದಾರಿ ನೋಡಲೇಬೇಕು. ಸುಳ್ಯ ತಾಲೂಕಿನ ಮಂಡೆಕೋಲು, ನಮ್ಮ ಘಟ್ಟ ಇಳಿದರೆ ಸಿಗುತ್ತದೆ. ವಕೀಲರು. 1994ರಲ್ಲಿ ಪುತ್ತೂರು ಎಂಎಲ್‌ಎ, 1999ರಲ್ಲಿ ಮತ್ತೆ. 2004ರಲ್ಲಿ ಮಂಗಳೂರು ಎಂಪಿ, 2009ರಲ್ಲಿ ಉಡುಪಿ ಚಿಕ್ಕಮಗಳೂರು ಎಂಪಿ. 2011ರಲ್ಲಿ ಮುಖ್ಯಮಂತ್ರಿ, ಒಂದು ವರ್ಷ ತುಂಬುವ ಮೊದಲೇ ಇಳಿದರು. ಆಮೇಲೆ ಬೆಂಗಳೂರು ಉತ್ತರದಿಂದ ಎರಡು ಸಲ ಎಂಪಿ. ಒಟ್ಟು ನಾಲ್ಕು ಕ್ಷೇತ್ರ. ಪಕ್ಷ ಎಲ್ಲಿ ನಿಲ್ಲು ಅಂದಿತೋ ಅಲ್ಲಿ ನಿಂತರು.

ಅವರು ಮುಖ್ಯಮಂತ್ರಿ ಆಗಿದ್ದಾಗಲೇ, 2011ರಲ್ಲಿ, ಅರೆಭಾಷೆ ಅಕಾಡೆಮಿ ಬಂತು, ಕಚೇರಿ ಮಡಿಕೇರಿಯಲ್ಲಿ. ನಮ್ಮ ಮನೆ ಮಾತಿಗೆ ಒಂದು ಬೋರ್ಡು ಸಿಕ್ಕಿತು. ರೈಲಿಗಿಂತ ಇದು ಚಿಕ್ಕದು ಅಂತ ನೀವು ಹೇಳಬಹುದು. ನನಗೆ ಚಿಕ್ಕದಲ್ಲ.

ಕಣದಲ್ಲಿ ಕಾಫಿ

ಅಣ್ಣ, ಅದು ಮುಖ್ಯಮಂತ್ರಿ ಆಗಿ ಮಾಡಿದ್ದು, ಎಂಪಿ ಆಗಿ ಅಲ್ಲ. ಹುಡುಗ ಕೇಳಿದ್ದು ಎಂಪಿ ವಿಚಾರ.

ಹಳೇ ಮೇಷ್ಟ್ರು, ವಿರಾಜಪೇಟೆ

ರೈಲಿನ ವಿಚಾರ ಬಂದಾಗಲೆಲ್ಲ ಈ ಮಾತು ಕೇಳಿ ಸಾಕಾಗಿದೆ. ರೈಲು ಬೇಕು ಅನ್ನುವವರು ಎಷ್ಟು ಜನ ಇದ್ದಾರೋ, ಬೇಡ ಅನ್ನುವವರೂ ಈ ಜಿಲ್ಲೆಯಲ್ಲಿ ಅಷ್ಟೇ ಜೋರಾಗಿದ್ದಾರೆ. ತಲಶ್ಶೇರಿ ಮೈಸೂರು ಮಾರ್ಗದ ಮಾತು ಬಂದಾಗ ದಕ್ಷಿಣ ಕೊಡಗಿನಲ್ಲಿ ವಿರೋಧ ಮಾಡಿದವರು ನಾವೇ ಅಲ್ವಾ? ಕಾಡು ಹೋಗುತ್ತದೆ, ಆನೆ ದಾರಿ ತಪ್ಪುತ್ತದೆ, ಹೊರಗಿನವರು ತುಂಬುತ್ತಾರೆ ಅಂತ. ರೈಲು ಬೇಡ ಅಂತ ಮೆರವಣಿಗೆ ಹೋಗಿ, ಮನೆಗೆ ಬಂದು ಪೂಣಚ್ಚ ರೈಲು ತರಲಿಲ್ಲ ಅನ್ನೋದು ಯಾವ ನ್ಯಾಯ?

ಕುಶಾಲನಗರ ಕಾಲೇಜು

ಸಾರ್, ಒಂದು ಲೆಕ್ಕ ಹೇಳಲಾ? ವ್ಯಕ್ತಿಗಳನ್ನು ಬಿಟ್ಟು ಬರೀ ಸೀಟು ಎಣಿಸಿ.

1952ರಲ್ಲಿ ಕೊಡಗಿಗೆ 24 ಶಾಸಕರು. ನಮ್ಮದೇ ಒಂದು ಲೋಕಸಭಾ ಸ್ಥಾನವೂ ಇತ್ತು. ಕೂರ್ಗ್ ಕ್ಷೇತ್ರದಿಂದ ನಿಡ್ಯಮಲೆ ಸೋಮಣ್ಣ ಗೆದ್ದಿದ್ದರು. 1957ರ ಚುನಾವಣೆಗೆ ಆ ಕ್ಷೇತ್ರವೇ ಇರಲಿಲ್ಲ. ಶಾಸಕರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. 2008ರ ಮೊದಲು ಮೂರು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎರಡು. 224ರಲ್ಲಿ ಎರಡು.

ಈಗ ಲೋಕಸಭೆಗೆ ನಾವು ಮೈಸೂರು ಕೊಡಗು ಕ್ಷೇತ್ರ. ಎಂಟು ವಿಧಾನಸಭಾ ಕ್ಷೇತ್ರ ಸೇರಿ ಒಂದು ಎಂಪಿ ಸೀಟು. ಎರಡು ನಮ್ಮದು, ಆರು ಮೈಸೂರು ಜಿಲ್ಲೆಯದ್ದು: ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ. 2024ರಲ್ಲಿ ಒಟ್ಟು ಮತದಾರರು 20 ಲಕ್ಷ ದಾಟಿದ್ದರು. ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ ಸುಮಾರು 5.5 ಲಕ್ಷ, ಮಕ್ಕಳು ಮರಿ ಎಲ್ಲಾ ಸೇರಿ. ಕೊಡಗಿನ ಪ್ರತಿಯೊಬ್ಬ ಮತದಾರನೂ ಒಬ್ಬನಿಗೇ ಮತ ಹಾಕಿದರೂ ಅವನು ಗೆಲ್ಲೋದು ಖಾತ್ರಿ ಇಲ್ಲ.

ಗೆದ್ದವರನ್ನು ನೋಡಿ. 2009ರಲ್ಲಿ ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಪ್ರತಾಪ್ ಸಿಂಹ, 2024ರಲ್ಲಿ ಯದುವೀರ್ ಒಡೆಯರ್. ಯಾರೂ ಕೊಡಗಿನವರಲ್ಲ. ಅದಕ್ಕೆ ಮೊದಲು ಮಂಗಳೂರಿನ ಜೊತೆ ಇದ್ದಾಗ ಜನಾರ್ದನ ಪೂಜಾರಿ, ಧನಂಜಯ ಕುಮಾರ್, ಸದಾನಂದ ಗೌಡ. ಪೂಣಚ್ಚನವರ ನಂತರ ಕೊಡಗು ಸೇರಿದ ಲೋಕಸಭಾ ಕ್ಷೇತ್ರದಿಂದ ಕೊಡಗಿನವರು ಒಬ್ಬರೂ ಗೆದ್ದಿಲ್ಲ. ಮಾದಾಪುರದಣ್ಣ, ನಿಮ್ಮ ತಮ್ಮನಿಗೆ ಇದನ್ನು ಮೊದಲು ತೋರಿಸಿ.

ಕಣದಲ್ಲಿ ಕಾಫಿ

ಹಾಗಾದರೆ ಮೂಲಕ್ಕೆ ಹೋಗೋಣ. 24ನ್ನು ಕಳೆದದ್ದು ಯಾರು? ವಿಲೀನಕ್ಕೆ ಒಪ್ಪಿದವರು ಯಾರು? ನಮ್ಮ ತಾತ ತಕ್ಕಡಿ ಪಾರ್ಟಿಯವರು. ಪ್ರತ್ಯೇಕ ರಾಜ್ಯ ಉಳಿಯಬೇಕು ಅಂತ 1952ರಲ್ಲಿ ಮನೆ ಮನೆ ತಿರುಗಿದವರು. ಕೊಡಗಿನ ಒಳ್ಳೆ ವರಮಾನ, ಒಳ್ಳೆ ಶಾಲೆ, ಕಡಿಮೆ ಜನ. ದೊಡ್ಡ ರಾಜ್ಯಕ್ಕೆ ಸೇರಿದರೆ ನಮ್ಮ ದನಿ ಯಾರಿಗೂ ಕೇಳೋದಿಲ್ಲ ಅಂತ ಅವರು ಆಗಲೇ ಹೇಳಿದ್ದರು. ಈಗ ಈ ಹುಡುಗ ಕೊಟ್ಟ ಲೆಕ್ಕ ನೋಡಿದರೆ ತಾತನದ್ದೇ ಸರಿ ಅನಿಸುತ್ತದೆ. ಪೂಣಚ್ಚನವರು ದೆಹಲಿಗೆ ಹೋದರು, ಆ ದಾರಿ ಅವರ ಹಿಂದೆಯೇ ಮುಚ್ಚಿತು.

ಹಳೇ ಮೇಷ್ಟ್ರು, ವಿರಾಜಪೇಟೆ

ನಿಮ್ಮ ತಾತನನ್ನು ನಾನು ಗೌರವಿಸುತ್ತೇನೆ. ಆದರೆ ಆ ಚುನಾವಣೆಯಲ್ಲಿ ಕೊಡಗಿನ ಜನರೇ 15 ಸೀಟು ಕಾಂಗ್ರೆಸ್‌ಗೆ ಕೊಟ್ಟರು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗ ಇಡೀ ದೇಶದ 'ಸಿ' ವರ್ಗದ ರಾಜ್ಯಗಳನ್ನೇ ತೆಗೆಯಿರಿ ಅಂದಿತು. ಅಜ್ಮೀರ್, ಭೋಪಾಲ್, ವಿಂಧ್ಯ ಪ್ರದೇಶ ಎಲ್ಲವೂ ಹೋದವು. ಪೂಣಚ್ಚ ಒಬ್ಬರು ಬೇಡ ಅಂದಿದ್ದರೆ ಕೊಡಗು ಉಳಿಯುತ್ತಿತ್ತು ಅನ್ನೋದು ಆ ಮನುಷ್ಯನಿಗೆ ಇಲ್ಲದ ಶಕ್ತಿ ಕೊಟ್ಟ ಹಾಗೆ.

ನನ್ನ ತಕರಾರು ಬೇರೆ. ಸೇರುವಾಗ ಏನು ಕೇಳಿ ಪಡೆದೆವು? ಒಂದು ಲೋಕಸಭಾ ಸ್ಥಾನ ಖಾಯಂ ಇರಲಿ ಅಂತ ಬರೆಸಿಕೊಳ್ಳಬಹುದಿತ್ತು. ಜನ ಕಡಿಮೆ ಇದ್ದರೂ ಲಕ್ಷದ್ವೀಪಕ್ಕೆ ಎಂಪಿ ಇದ್ದಾರೆ. ಆ ಮಾತು ಆಗ ಗಟ್ಟಿಯಾಗಿ ಬರಬೇಕಿತ್ತು.

ತಿತಿಮತಿ ಹಾಡಿ

ನೀವೆಲ್ಲ 24, 3, 2 ಅಂತ ಎಣಿಸುತ್ತಿದ್ದೀರಿ. ನಮ್ಮದನ್ನೂ ಎಣಿಸಿ.

2008ರ ಮೊದಲು ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಎರವರು, ಜೇನುಕುರುಬರು, ಬೆಟ್ಟಕುರುಬರು ಇರುವ ಕಡೆ ಅದು ಒಂದೇ ಬಾಗಿಲು. ಯಾವ ಪಕ್ಷವಾದರೂ ನಮ್ಮ ಹಾಡಿ (ಆದಿವಾಸಿ ಕೇರಿ) ಕಡೆ ಬಂದು ಯಾರು ನಿಲ್ಲುತ್ತೀರಿ ಅಂತ ಕೇಳಲೇಬೇಕಿತ್ತು. ಮರುವಿಂಗಡಣೆ ಆಯಿತು, ಸಾಮಾನ್ಯ ಕ್ಷೇತ್ರ ಆಯಿತು. ಆಮೇಲೆ ಯಾರೂ ಕೇಳಿಲ್ಲ. ಕೊಡಗಿನ ಸೀಟು ಹೋಯಿತು ಅಂತ ನೀವು ಅಳುವಾಗ ಸೋಮವಾರಪೇಟೆ ಹೆಸರು ಹೇಳುತ್ತೀರಿ. ಮೀಸಲು ಹೋದದ್ದನ್ನು ಇಲ್ಲಿವರೆಗೆ ಒಬ್ಬರೂ ಹೇಳಲಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಮ್ಮ ಆದಿವಾಸಿಗಳ ಗುಡಿಸಲು ಕಿತ್ತಾಗ ಸುದ್ದಿ ಇಡೀ ರಾಜ್ಯಕ್ಕೆ ಹೋಯಿತು. ಆಗ ವಯಸ್ಸಾಗಿದ್ದರೂ ಹಿರಿಯ ರಾಜಕಾರಣಿ ಎ.ಕೆ. ಸುಬ್ಬಯ್ಯನವರು ನಮ್ಮ ಪರ ಮಾತಾಡಿದರು. ಅವರು ಆಗ ಯಾವ ಸದನದಲ್ಲೂ ಇರಲಿಲ್ಲ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಮನೆ ಕೊಟ್ಟರು. ಕಾಡಿನ ಪಕ್ಕದಿಂದ ಎತ್ತಿ ಬೇರೆ ಕಡೆ ಇಟ್ಟರು.

ಕುಶಾಲನಗರ ಕಾಲೇಜು

ನೀವು ಹೇಳಿದ್ದು ಸರಿ ಅಣ್ಣ. ಬ್ಯಾಡಗೊಟ್ಟದ ಹುಡುಗರು ನಮ್ಮ ಕಾಲೇಜಿಗೆ ಬರುತ್ತಾರೆ. ಮಳೆಗಾಲದಲ್ಲಿ ಬಸ್ಸಿಲ್ಲ ಅಂದರೆ ಅವತ್ತು ಬರೋದಿಲ್ಲ.

ವಾರ್ಡ್ ನಂಬರ್ ಮೂರು

ನಾನು ನಾಪೋಕ್ಲು ಕಡೆಯ ಪಂಚಾಯಿತಿ ಮೆಂಬರ್. ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಅರ್ಧ ಸೀಟು ಮೀಸಲಿದೆ, ಅದರಿಂದ ಬಂದವಳು. ಇತಿಹಾಸ ಮೇಷ್ಟ್ರಿಗೆ ಬಿಡುತ್ತೇನೆ. ಕೆಳಗಿನ ಮೆಟ್ಟಿಲು ಈಗ ಹೇಗಿದೆ ಅಂತ ನಾನು ಹೇಳುತ್ತೇನೆ.

ಹೋದ ಗ್ರಾಮಸಭೆಯಲ್ಲಿ ಒಂದೂವರೆ ಗಂಟೆ ಚರ್ಚೆ ಆಗಿದ್ದು ಒಂದು ಮೋಟಾರಿನ ಬಗ್ಗೆ. ಕೊಳವೆಬಾವಿಯ ಮೋಟಾರು ಸುಟ್ಟಿದೆ. ಕೆಳಗಿನ ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಮನೆಗಳಿಗೆ, ನೀರಿಲ್ಲ. ಏಪ್ರಿಲ್ ತಿಂಗಳು. ಪಿಡಿಒ ಸಾಹೇಬರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು: 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಇಷ್ಟು ನೀರಿಗೆ, ಇಷ್ಟು ಸ್ವಚ್ಛತೆಗೆ ಅಂತ ಮೊದಲೇ ಕಟ್ಟಿಟ್ಟಿದ್ದಾರೆ, ಉಳಿದದ್ದು ಕ್ರಿಯಾಯೋಜನೆಯಲ್ಲಿ ಸೇರಿಸಿ ಆಗಿದೆ. ಒಬ್ಬ ಅಜ್ಜಿ ಎದ್ದು, ಆ ಪೆಟ್ಟಿಗೆಯಲ್ಲಿ ನೀರು ಬರುತ್ತದಾ ಅಂತ ಕೇಳಿದರು. ಯಾರಿಗೂ ನಗಲು ಧೈರ್ಯ ಬರಲಿಲ್ಲ. ಮೋಟಾರು ರಿವೈಂಡಿಂಗ್‌ಗೆ ಕೊನೆಗೆ ನಾವು ಮೆಂಬರ್‌ಗಳೇ ಕೈಯಿಂದ ಹಾಕಿದೆವು.

ಇದನ್ನೆಲ್ಲ ಮಾಡಿದರೂ ಪಕ್ಷದವರಿಗೆ ನಾವು ಕಾಣೋದಿಲ್ಲ. ಯಾಕೆ ಗೊತ್ತಾ? ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಚಿಹ್ನೆ ಬರೋದು ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಯಿಂದ. ಅಲ್ಲಿ ಟಿಕೆಟ್ ಸಿಕ್ಕಿ ಗೆದ್ದರೆ ಪಕ್ಷದ ಲೆಕ್ಕಕ್ಕೆ ಬಂದ ಹಾಗೆ. ಜಿಲ್ಲಾ ಪಂಚಾಯಿತಿಯಲ್ಲಿ ಅಧಿಕಾರಿಗಳನ್ನು ಎದುರು ಕೂರಿಸಿ ಲೆಕ್ಕ ಕೇಳೋದು ಕಲಿಯಬಹುದು. ಅದೇ ಎಂಎಲ್‌ಎ ಆಗುವ ತರಬೇತಿ.

ಆ ಮೆಟ್ಟಿಲೇ ಈಗ ಇಲ್ಲ. ಕೊನೆಯ ಚುನಾವಣೆ 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಕಳೆದವು. ಎಲ್ಲಾ ಆಡಳಿತಾಧಿಕಾರಿಗಳ ಕೈಯಲ್ಲಿ. ನಿಮ್ಮ ತಮ್ಮ ಪಂಚಾಯಿತಿಯಿಂದ ಒಂದೇ ಹಾರು ಹಾರಿ ವಿಧಾನಸಭೆಗೆ ಹೋಗಬೇಕು. ಕಾಲು ಗಟ್ಟಿ ಇದೆಯಾ ಕೇಳಿ.

ಹಳೇ ಮೇಷ್ಟ್ರು, ವಿರಾಜಪೇಟೆ

ಅಕ್ಕ ಹೇಳಿದ್ದೇ ಇಡೀ ಚರ್ಚೆಯ ತಿರುಳು. ಆಗ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು 1983ರ ಪಂಚಾಯತ್ ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿಯ ಹಾಗೆ) ಚುನಾವಣೆ ಆದಾಗ ಹಳ್ಳಿಗಳಲ್ಲಿ ಎಂಥ ಉತ್ಸಾಹ ಇತ್ತು! ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ನಮ್ಮ ಶಾಲೆಗೆ ಪರಿಷತ್ ಸದಸ್ಯರು ಬಂದರೆ ಹೆಡ್ ಮೇಷ್ಟ್ರು ಕೋಟು ಹಾಕುತ್ತಿದ್ದರು. ಈಗ ಮಕ್ಕಳಿಗೆ ಜಿಲ್ಲಾ ಪಂಚಾಯಿತಿ ಸದಸ್ಯರ ಹೆಸರು ಹೇಳು ಅಂದರೆ ಹೇಳೋದಕ್ಕೆ ಹೆಸರೇ ಇಲ್ಲ.

ಭಾಗಮಂಡಲ ಬಸ್ಸು

ಪಂಚಾಯಿತಿ ಮೆಂಬರ್‌ಗಳನ್ನು ಪಕ್ಷದವರು ಕಾಣೋದೇ ಇಲ್ಲ ಅನ್ನಬೇಡಿ ಅಕ್ಕ. ವಿಧಾನ ಪರಿಷತ್ ಚುನಾವಣೆಗೆ ಚೆನ್ನಾಗಿ ಕಾಣುತ್ತಾರಲ್ಲ!

ವಾರ್ಡ್ ನಂಬರ್ ಮೂರು

ಅದು ಸರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ಕೊಡಗಿಗೆ ಒಂದು ಸೀಟು ಇದೆ. ಗ್ರಾಮ ಪಂಚಾಯಿತಿ ಮೆಂಬರ್‌ಗಳು, ಪಟ್ಟಣದ ಕೌನ್ಸಿಲರ್‌ಗಳು ಮತದಾರರು. ಎಲ್ಲಾ ಸೇರಿ ಸಾವಿರದ ಚಿಲ್ಲರೆ ಜನ. 2021ರ ಡಿಸೆಂಬರ್‌ನಲ್ಲಿ ನಾನೂ ಹಾಕಿದೆ. ಅಲ್ಲಿ ಯಂತ್ರ ಇಲ್ಲ, ಸೀಲೂ ಇಲ್ಲ. ಅವರು ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್‌ನಲ್ಲೇ ಹೆಸರಿನ ಮುಂದೆ 1, 2 ಅಂತ ಬರೆಯಬೇಕು. ನಮ್ಮದೇ ಪೆನ್‌ನಲ್ಲಿ ಬರೆದರೆ, ಟಿಕ್ ಹಾಕಿದರೆ ಮತ ಹಾಳು. ನಮ್ಮ ಬೂತ್‌ನಲ್ಲಿ ಒಬ್ಬರು ಅಭ್ಯಾಸ ಬಲದಲ್ಲಿ ಸೀಲು ಎಲ್ಲಿ ಅಂತ ಹುಡುಕುತ್ತಿದ್ದರು.

ಆ ಹದಿನೈದು ದಿನ ನಮಗೆ ಬಂದ ಫೋನ್‌ಗಳಿಗೆ ಲೆಕ್ಕವಿಲ್ಲ. ಮಕ್ಕಳ ಹೆಸರು ಹಿಡಿದು ವಿಚಾರಿಸುತ್ತಾರೆ. ಫಲಿತಾಂಶದ ಮಾರನೇ ದಿನದಿಂದ ನಿಶ್ಶಬ್ದ.

ಬೆಂಗಳೂರಲ್ಲಿ ಕೂತವ

ತಡವಾಗಿ ಬಂದೆ, ಮೇಲಿನದೆಲ್ಲ ಓದಿದೆ. ನನಗೆ ಕಾಣೋದು ಇಷ್ಟು. ಕೊಡಗಿನವರು ಮೇಲೆ ಹೋಗಿದ್ದು ಜಾಸ್ತಿ ಪಕ್ಕದ ಬಾಗಿಲಿಂದಲೇ. ಇದನ್ನು ಬೈಗುಳ ಅಂದುಕೊಳ್ಳಬೇಡಿ.

ಎ.ಕೆ. ಸುಬ್ಬಯ್ಯನವರು ವಿಧಾನ ಪರಿಷತ್ತಿನಲ್ಲಿ ಗುಡುಗಿದವರು. 1980ರಲ್ಲಿ ಬಿಜೆಪಿ ಹುಟ್ಟಿದಾಗ ಕರ್ನಾಟಕದ ಮೊದಲ ಅಧ್ಯಕ್ಷ. ಆಮೇಲೆ ಅದೇ ಪಕ್ಷವನ್ನು ಅವರಷ್ಟು ಬೈದವರು ಇಲ್ಲ. ಎಂ.ಸಿ. ನಾಣಯ್ಯನವರು ಕಾನೂನು ಮಂತ್ರಿ ಆದರು, ಪರಿಷತ್ತಿನಲ್ಲಿ ಅವರ ಮಾತಿಗೆ ತೂಕ ಇತ್ತು. ಪ್ರೇಮಾ ಕಾರ್ಯಪ್ಪನವರು 2002ರಿಂದ 2008ರವರೆಗೆ ರಾಜ್ಯಸಭೆಯಲ್ಲಿದ್ದರು. ಪೂಣಚ್ಚನವರೂ ದೆಹಲಿಗೆ ಮತ್ತೆ ಕಾಲಿಟ್ಟಿದ್ದು ರಾಜ್ಯಸಭೆಯಿಂದ. ಪರಿಷತ್ತು, ರಾಜ್ಯಸಭೆ ಎರಡೂ ಕಡೆ ಲಕ್ಷಾಂತರ ಮತ ಬೇಡ. ಬೇಕಾದ್ದು ಪಕ್ಷದಲ್ಲಿ ಹೆಸರು, ಸದನದಲ್ಲಿ ನಿಂತು ಮಾತಾಡುವ ಶಕ್ತಿ. ಕೊಡಗಿನವರಿಗೆ ಆ ಎರಡಿತ್ತು, ಮತ ಇರಲಿಲ್ಲ.

ಮತ ಇರುವ ಕಡೆ ಕಥೆ ಬೇರೆ. ಪಕ್ಕದ ಹಾಸನದ ದೇವೇಗೌಡರನ್ನೇ ನೋಡಿ. ಹೊಳೆನರಸೀಪುರದ ಸಹಕಾರ ಸಂಘ, ತಾಲೂಕು ಬೋರ್ಡು, 1962ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಗೆದ್ದದ್ದು, 1994ರಲ್ಲಿ ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ. ಅವರ ಹಿಂದೆ ಒಂದು ಇಡೀ ಸೀಮೆ ಇತ್ತು. ನಮಗೆ ಅಂಥ ಸೀಮೆ ಇಲ್ಲ.

ಇನ್ನೊಂದು ಉದಾಹರಣೆ ಬಿ.ಡಿ. ಜತ್ತಿ. ಜಮಖಂಡಿ ಪುರಸಭೆಯ ಅಧ್ಯಕ್ಷ. ಚಿಕ್ಕ ಜಮಖಂಡಿ ಸಂಸ್ಥಾನದಲ್ಲಿ ಮುಖ್ಯಮಂತ್ರಿ. ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಆಮೇಲೆ ಆ ಭಾಗ ಮೈಸೂರಿಗೆ ಬಂತು. ಜತ್ತಿಯವರು 1958ರಲ್ಲಿ ಮೈಸೂರಿನ ಮುಖ್ಯಮಂತ್ರಿ, ನಂತರ ಒಡಿಶಾ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಪೂಣಚ್ಚ ಮತ್ತು ಜತ್ತಿ ಇಬ್ಬರದ್ದೂ ಎಷ್ಟು ಹತ್ತಿರದ ಕಥೆ ನೋಡಿ. ಚಿಕ್ಕ ರಾಜ್ಯದಲ್ಲಿ ಮುಖ್ಯಮಂತ್ರಿ, ಆ ರಾಜ್ಯವೇ ಕರಗಿ ಹೋಯಿತು, ಇವರು ಮಾತ್ರ ಉಳಿದರು. ಚಿಕ್ಕ ರಾಜ್ಯದಲ್ಲಿ ಎಲ್ಲಾ ಖಾತೆಯ ಕೆಲಸವನ್ನೂ ಕೈಯಾರೆ ಮಾಡಿ ಕಲಿತವರು. ದೊಡ್ಡ ರಾಜ್ಯಕ್ಕೆ ಅಂಥವರು ಬೇಕಾಗಿದ್ದರು.

ಮಾದಾಪುರದವ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಓದಿಸಿದೆ. ಅವನ ಪ್ರಶ್ನೆ ಇದು: ಎಂಪಿ ಆಗಿ ಕೊಡಗಿಗೆ ಮಾಡಲು ನಿಜವಾಗಿ ಕೆಲಸ ಇದೆಯಾ? ಅಥವಾ ಎಂಎಲ್‌ಎ ಆದರೇ ಸಾಕಾ?

ಕಣದಲ್ಲಿ ಕಾಫಿ

ಒಳ್ಳೆ ಪ್ರಶ್ನೆ. ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಮೇಷ್ಟ್ರು ಸ್ವಲ್ಪ ಕಾಫಿ ಕುಡಿಯಲಿ.

ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಎಂಎಲ್‌ಎನೇ ಮೇಲು. ಎಂಎಲ್‌ಎಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ, ಒಂದು ಕ್ಷೇತ್ರಕ್ಕೆ. ಎಂಪಿಗೆ 5 ಕೋಟಿ, ಎಂಟು ಕ್ಷೇತ್ರಕ್ಕೆ. ನಮ್ಮ ಪಾಲಿಗೆ ಒಂದು ಬಸ್ ತಂಗುದಾಣ, ಎರಡು ಹೈಮಾಸ್ಟ್ ದೀಪ.

ಆದರೆ ಕೊಡಗಿನ ದೊಡ್ಡ ವಿಚಾರಗಳನ್ನು ನೋಡಿ. ಕಾಫಿ ಬೋರ್ಡು ಯಾರ ಕೈಯಲ್ಲಿದೆ? ಕೇಂದ್ರ ವಾಣಿಜ್ಯ ಸಚಿವಾಲಯದ ಕೈಯಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯದ್ದು. ನಮ್ಮ ಅಪ್ಪನ ಕಾಲದಲ್ಲಿ ಕೊಯ್ದದ್ದನ್ನೆಲ್ಲ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯ ಒಟ್ಟು ಸಂಗ್ರಹಕ್ಕೆ, ಹಾಕಲೇಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಈ ವರ್ಷ ಕೊಟ್ಟ ಕಾಫಿಯ ಕೊನೆಯ ಕಂತು ಬರುವಾಗ ಮಗಳ ಮದುವೆ ಆಗಿ ಮೊಮ್ಮಗು ಹುಟ್ಟಿರುತ್ತದೆ ಅಂತ ಅಪ್ಪ ನಗುತ್ತಿದ್ದರು. ಆ ಕಟ್ಟು ಸಡಿಲಾಗಿದ್ದು ತೊಂಬತ್ತರ ದಶಕದಲ್ಲಿ. ಸಡಿಲ ಮಾಡಿದ್ದು ಬೆಂಗಳೂರಲ್ಲ, ದೆಹಲಿ.

ಕೋವಿ? ಅದೂ ದೆಹಲಿ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಕೊಡೋದು ಕೇಂದ್ರ ಗೃಹ ಸಚಿವಾಲಯ. 2019ರಲ್ಲಿ ಹತ್ತು ವರ್ಷಕ್ಕೆ ಕೊಟ್ಟರು, 2029ರವರೆಗೆ. ಆಮೇಲೆ ಮತ್ತೆ ಯಾರಾದರೂ ಹೋಗಿ ಕೇಳಬೇಕು. ಆಗ ಅಲ್ಲಿ ಯಾರಿರುತ್ತಾರೆ?

ಆನೆಯೂ ಹಾಗೇ. 1972ರ ವನ್ಯಜೀವಿ ಕಾಯ್ದೆ ಕೇಂದ್ರದ್ದು, ಬೇಲಿ ಮತ್ತು ಕಂದಕ ರಾಜ್ಯದ್ದು, ತುಳಿತ ತಿಂದ ಗದ್ದೆ ನಮ್ಮದು. ಪಶ್ಚಿಮ ಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿ, ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ, ಅದೂ ಪರಿಸರ ಸಚಿವಾಲಯದ್ದು. ಜಮ್ಮಾ ಬಾಣೆಯ, ಅಂದರೆ ಗದ್ದೆಯ ಜೊತೆ ಬಂದ ಕಾಡುಗುಡ್ಡದ ಜಾಗದ, ಒಡೆತನ ಮಾತ್ರ ರಾಜ್ಯದ ಕೈಯಲ್ಲಿತ್ತು. 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದರು. ಅದು ಕೂಡ ರಾಷ್ಟ್ರಪತಿ ಅಂಕಿತಕ್ಕೆ ದೆಹಲಿಗೆ ಹೋಗಿ ಬಂತು.

ಕೊಡಗಿನ ಬದುಕು ನಿಂತಿರೋದೇ ದೆಹಲಿಯ ಕಾಗದಗಳ ಮೇಲೆ. ಆ ಕಾಗದ ಓದಿ ಅರ್ಥ ಮಾಡಿಕೊಳ್ಳುವ ಎಂಪಿ ನಮಗೆ ಬೇಕು. ಅವನು ಕೊಡಗಿನವನೇ ಆಗಬೇಕು ಅಂತ ಇಲ್ಲ. ಆದರೆ ಬಾಣೆ ಅಂದರೇನು ಅಂತ ಮೊದಲಿಂದ ಹೇಳಿಕೊಡಬೇಕಾದ ಎಂಪಿಗೆ ಐದು ವರ್ಷದಲ್ಲಿ ಎರಡು ಅದಕ್ಕೇ ಹೋಗುತ್ತದೆ.

ಹಳೇ ಮೇಷ್ಟ್ರು, ವಿರಾಜಪೇಟೆ

ಕಾಫಿ ಕುಡಿದೆ. ಇದೊಂದು ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಕುಶಾಲನಗರ ಕಾಲೇಜು

ಎಂಎಲ್‌ಎ ಆದರೂ ದೇಶದ ಮಟ್ಟದ ಸುದ್ದಿ ಆಗಬಹುದು. ಕೆ.ಜಿ. ಬೋಪಯ್ಯನವರು 2009ರಿಂದ 2013ರವರೆಗೆ ಸ್ಪೀಕರ್. 2010ರ ಅಕ್ಟೋಬರ್‌ನಲ್ಲಿ ವಿಶ್ವಾಸಮತದ ಮುಂಚೆ 11 ಬಿಜೆಪಿ ಶಾಸಕರು, 5 ಪಕ್ಷೇತರರನ್ನು ಅನರ್ಹ ಮಾಡಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪಕ್ಷಾಂತರ ಕಾನೂನಿನ ಪಾಠದಲ್ಲಿ ನಮಗೆ ಅದನ್ನು ಓದಿಸುತ್ತಾರೆ. ಕಾಲೇಜಿನ ಮೇಷ್ಟ್ರು ಪಾಠ ಮಾಡುವಾಗ 'ನಿಮ್ಮ ಜಿಲ್ಲೆಯವರೇ' ಅಂತ ನಮ್ಮ ಬೆಂಚಿನ ಕಡೆ ನೋಡುತ್ತಾರೆ. ಹೆಮ್ಮೆ ಪಡಬೇಕೋ ಬೇಡವೋ ಗೊತ್ತಾಗದೆ ನಾವು ಪುಸ್ತಕ ನೋಡುತ್ತೇವೆ.

ಬೆಂಗಳೂರಲ್ಲಿ ಕೂತವ

ಅವರನ್ನು 2023ರಲ್ಲಿ ವಿರಾಜಪೇಟೆಯಲ್ಲಿ ಸೋಲಿಸಿದ್ದು ಎ.ಎಸ್. ಪೊನ್ನಣ್ಣ, ಸುಬ್ಬಯ್ಯನವರ ಮಗ. ವಕೀಲಿಕೆಯಿಂದ ನೇರ ಬಂದವರು. ಮಡಿಕೇರಿಯಲ್ಲಿ ಗೆದ್ದ ಮಂಥರ್ ಗೌಡರ ತಂದೆಯೂ ಮಂತ್ರಿ ಆಗಿದ್ದವರು. ಇರುವ ಎರಡು ಸೀಟಿಗೆ ಹೋಗುವ ದಾರಿ ಈಗ ಪಂಚಾಯಿತಿ ಮುಂದೆ ಹಾದು ಹೋಗೋದಿಲ್ಲ. ಇದು ಒಂದು ಪಕ್ಷದ ಮಾತಲ್ಲ, ಎಲ್ಲಾ ಕಡೆ ಹೀಗೇ.

ಭಾಗಮಂಡಲ ಬಸ್ಸು

ಖರ್ಚಿನ ಲೆಕ್ಕ ಯಾರೂ ಹೇಳಲಿಲ್ಲ. ಲೋಕಸಭೆಗೆ ಠೇವಣಿ 25,000 ರೂಪಾಯಿ, ವಿಧಾನಸಭೆಗೆ 10,000. ಬಿದ್ದ ಮತದಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಯಿತು. ಖರ್ಚು ಮಾಡಬಹುದಾದ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಇದು ಕಾನೂನಿನ ಲೆಕ್ಕ. ನಿಜವಾದ ಲೆಕ್ಕ ಕೇಳಿದರೆ ನಿಮ್ಮ ಚಿಕ್ಕಪ್ಪ ತೋಟದ ಆರ್‌ಟಿಸಿ ಬಚ್ಚಿಡುತ್ತಾರೆ.

ಮಾದಾಪುರದವ

ಬಚ್ಚಿಟ್ಟಾಗಿದೆ ಅಣ್ಣ.

ತಿತಿಮತಿ ಹಾಡಿ

ನಿಮಗೆ ಬಚ್ಚಿಡಲು ಆರ್‌ಟಿಸಿ ಇದೆ. ನಮ್ಮ ಹಾಡಿಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳೇ ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ. ಪರಿಶಿಷ್ಟರಿಗೆ ಠೇವಣಿ ಅರ್ಧ, 12,500. ಅಷ್ಟನ್ನು ಚಂದಾ ಎತ್ತಿ ಕಟ್ಟಬಹುದು. ಉಳಿದದ್ದು ಯಾರು ಕೊಡುತ್ತಾರೆ?

ವಾರ್ಡ್ ನಂಬರ್ ಮೂರು

ತಿತಿಮತಿ ಅಣ್ಣ, ಆ ಅರ್ಜಿಗಳಲ್ಲಿ ಗ್ರಾಮಸಭೆಯ ಠರಾವು ಇಲ್ಲದೆ ವಾಪಸ್ ಬಂದದ್ದು ಎಷ್ಟಿದೆ ನೋಡಿ. ಅರಣ್ಯ ಹಕ್ಕು ಸಮಿತಿ ಮಾಡುವ ಅಧಿಕಾರ ಗ್ರಾಮಸಭೆಗೇ ಇದೆ. ಅದಕ್ಕೆ ಎಂಎಲ್‌ಎ ಬೇಡ, ಎಂಪಿ ಬೇಡ. ಸಭೆ ಕರೆಯಿರಿ ಅಂತ ನಿಮ್ಮ ಮೆಂಬರ್‌ಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಠರಾವು ಹೇಗೆ ಬರೆಯಬೇಕು ಅಂತ ನಮ್ಮ ಪಂಚಾಯಿತಿಯ ಪ್ರತಿ ಇದೆ, ಕಳಿಸಲಾ?

ತಿತಿಮತಿ ಹಾಡಿ

ಕಳಿಸಿ ಅಕ್ಕ. ಇಲ್ಲೇ ಹಾಕಿ, ಬೇರೆ ಹಾಡಿಯವರಿಗೂ ಸಿಗಲಿ.